ತೂಗುಮಂಚ ಹಿಡಿದು ನಿಲ್ಲಿಸಿದವರಿಗೆ

ಬಾಗಲಕೋಟೆಯ ನವನಗರದಲ್ಲಿ ನಮ್ಮ ನಾಟಕದ ಪ್ರದರ್ಶನಗಳು ಮುಗಿದವು. ಐವತ್ತು ದಾಟಿದ ಗಂಡ-ಹೆಂಡತಿ ಮತ್ತೆ ಒಬ್ಬರ ಮೇಲೊಬ್ಬರು ಮನಸ್ಸು ಮಾಡುವ ಕಥೆ ಅದು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನ ಮುಳುಗಡೆ ಪರಿಹಾರದ ಕೇಸು, ಮಕ್ಕಳ ಫೀಸು, ಸೊಸೈಟಿ ಸಾಲ, ಇಷ್ಟನ್ನೇ ಮಾತಾಡಿಕೊಂಡು ಬಂದ ಇಬ್ಬರು. ಮಗಳನ್ನು ಗಂಡನ ಮನೆಗೆ ಕಳಿಸಿದ ಮರುದಿನ ಎದುರಾಬದುರಾ ಕೂತರೆ ಮಾತೇ ಹೊರಡುವುದಿಲ್ಲ. ಇದನ್ನು ರಂಗದ ಮೇಲೆ ತರಲು ಕೈಜೋಡಿಸಿದವರಿಗೆ ಕೃತಜ್ಞತೆ ಹೇಳಬೇಕು. ಬರೇ ‘ಎಲ್ಲರಿಗೂ ಧನ್ಯವಾದ’ ಅಂದರೆ ಯಾರಿಗೂ ಹೇಳಿದಂತಾಗುವುದಿಲ್ಲ. ಹಾಗಾಗಿ ಯಾರು ಏನು ಮಾಡಿದರು, ಅದು ಯಾಕೆ ಬೇಕಾಗಿತ್ತು ಅನ್ನುವುದನ್ನೂ ಸೇರಿಸಿ ಬರೆಯುತ್ತಿದ್ದೇವೆ. ಇಂಥದೇ ನಾಟಕ ಕೈಗೆತ್ತಿಕೊಳ್ಳುವ ತಂಡಗಳಿಗೂ ಉಪಯೋಗಕ್ಕೆ ಬಂದೀತು.

ಮೊದಲ ನಮಸ್ಕಾರ ಪ್ರೇಕ್ಷಕರಿಗೆ, ಅವರ ನಗೆಗೆ. ಬನಶಂಕರಿ ಜಾತ್ರೆಯಲ್ಲಿ ಬೆಳತನಕ ಕಂಪನಿ ನಾಟಕ ನೋಡಿದ ಊರುಗಳಿವು. ವಯಸ್ಸಾದವ ಮೀಸೆ ತಿರುವಿ ಹೆಂಡತಿಯ ಕಡೆ ನೋಡಿದರೆ ಸಾಕು, ಸೀಟಿ ಬೀಳುತ್ತದೆ. ಅದನ್ನು ತಡೆಯಲು ಹೋದ ನಾಟಕ ಕೆಟ್ಟೇ ಕೆಡುತ್ತದೆ. ಮೊದಲ ಹತ್ತು ನಿಮಿಷ ಹೊಟ್ಟೆ ತುಂಬ ನಗಲು ಬಿಡಬೇಕು. ಯಜಮಾನ ಆಲಮಟ್ಟಿಯ ನೀರಿನ ಗರಿಷ್ಠ ಮಟ್ಟ ಈಗ 519.60 ಮೀಟರ್, ಏರಿಸಬೇಕೆಂದಿರುವುದು 524.256 ಮೀಟರ್ ಎಂದು ದಶಾಂಶ ಸಮೇತ ಒಪ್ಪಿಸುವಾಗ ನಗೆ ಬಂತು, ಬರಬೇಕಾದದ್ದೇ. ಆಗ ಹೆಂಡತಿ ಕೇಳುತ್ತಾಳೆ: “ಅಷ್ಟೆಲ್ಲಾ ಬಾಯಿಪಾಠ ಐತಲ್ರಿ, ನನ್ನ ಎತ್ತರ ಎಷ್ಟೈತಿ ಹೇಳ್ರಿ ನೋಡೂಣು.” ಅದಕ್ಕೂ ನಕ್ಕರು. ಅವನಿಗೆ ಉತ್ತರ ಗೊತ್ತಿಲ್ಲ ಅನ್ನುವುದು ತಿಳಿದ ಮೇಲೆ ಸಭಾಭವನ ತಾನಾಗಿಯೇ ಸುಮ್ಮನಾಯಿತು.

ಇಂಥ ಮೌನವನ್ನು ಕೆಡಿಸುವವರು ಸಾಮಾನ್ಯವಾಗಿ ಪ್ರೇಕ್ಷಕರಲ್ಲ, ಪ್ರಾಂಪ್ಟರ್. ನಟ ನಿಂತರೆ ಮಾತು ಎತ್ತಿಕೊಡುವುದು ಅವರಿಗೆ ರೂಢಿಯಾದ ಧರ್ಮ. ಪಾತ್ರ ಬೇಕೆಂದೇ ಸುಮ್ಮನಿದ್ದಾಗ ಸೈಡ್ ವಿಂಗಿನಿಂದ ಪಿಸುಮಾತು ಬಂದರೆ ಮೊದಲ ಮೂರು ಸಾಲಿಗೆ ಕೇಳಿಸುತ್ತದೆ, ನಟನೂ ಗಾಬರಿಯಾಗಿ ಮುಂದಿನ ಮಾತು ಆಡಿಬಿಡುತ್ತಾನೆ. ಕಂಪನಿಯಲ್ಲಿ ಪಳಗಿದ ನಮ್ಮ ಪ್ರಾಂಪ್ಟರ್ ಮಾಸ್ತರರು ಇದಕ್ಕೊಂದು ದಾರಿ ಮಾಡಿದರು. ಪ್ರತಿಯಲ್ಲಿ ಮೌನ ಇರುವ ಕಡೆ ಕೆಂಪು ಪೆನ್ನಿನ ಉದ್ದಗೀಟು, ಒಂದು ಗೀಟಿಗೆ ಒಂದು ನಿಧಾನದ ಉಸಿರು. ಹೆಂಡತಿ ತನ್ನ ಎತ್ತರ ಕೇಳುವ ಮಾತಿನ ನಂತರ ನಾಲ್ಕು ಗೀಟು. ಮಾತು ನಿಜಕ್ಕೂ ಮರೆತರೆ ನಟ ತೂಗುಮಂಚದ ಸರಪಳಿಯನ್ನು ಹೆಬ್ಬೆರಳಿನಿಂದ ಮುಟ್ಟಬೇಕು, ಮುಟ್ಟದಿದ್ದರೆ ಮಾಸ್ತರರು ಬಾಯಿ ತೆರೆಯುವುದಿಲ್ಲ. ಮಾಸ್ತರರೇ, ನಿಮ್ಮ ತುಟಿ ಬಿಗಿಹಿಡಿದದ್ದಕ್ಕೆ ದೊಡ್ಡ ನಮಸ್ಕಾರ.

ಇನ್ನು ತೂಗುಮಂಚ. ನಾಟಕದ ಅರ್ಧ ಅದರ ಮೇಲೆಯೇ ನಡೆಯುತ್ತದೆ. ಹಳೆ ಬಾಗಲಕೋಟೆಯ ಮನೆ ಬಿಡುವಾಗ ಕಳಚಿ ತಂದಿಟ್ಟಿದ್ದ ಐದು ಅಡಿ ಉದ್ದ, ಎರಡು ಅಡಿ ಅಗಲದ ಸಾಗವಾನಿ ಹಲಗೆಯನ್ನು ಒಂದು ಕುಟುಂಬ ನಂಬಿ ಕೊಟ್ಟಿತು. ಸಭಾಭವನದ ಮೇಲಿನ ಲೈಟಿನ ಪೈಪಿಗೆ ತೂಗುಹಾಕುವ ಆಸೆ ಎಲ್ಲ ತಂಡಕ್ಕೂ ಬರುತ್ತದೆ. ಯಾರೂ ಹಾಗೆ ಮಾಡಬೇಡಿ. ಆ ಪೈಪು ನಿಂತ ಭಾರಕ್ಕೆ ಇರುವುದು, ಅಲುಗುವ ಭಾರಕ್ಕಲ್ಲ. ಹಲಗೆ, ಸರಪಳಿ, ಇಬ್ಬರು ನಟರು ಸೇರಿದರೆ 165 ಕೆಜಿ ಹತ್ತಿರ ಬರುತ್ತದೆ. ಒಬ್ಬರು ಧಪ್ಪನೆ ಕೂತ ಗಳಿಗೆಯಲ್ಲಿ ಎಳೆತ ಅದರ ಇಮ್ಮಡಿಗೂ ಹೋಗಬಹುದು. ಕೆಳಗಿನಿಂದಲೇ ನಿಲ್ಲುವ ಚೌಕಟ್ಟು ಬೇಕು.

ವೆಲ್ಡಿಂಗ್ ಅಂಗಡಿಯ ಅಣ್ಣಾರು ಎರಡಿಂಚಿನ ದಪ್ಪ ಜಿಐ ಪೈಪಿನಲ್ಲಿ ಮಾಡಿಕೊಟ್ಟದ್ದು ಹೀಗಿದೆ. ಎರಡೂ ಬದಿಗೆ ಎಂಟು ಅಡಿ ಎತ್ತರದ ಜೋಡಿ ಕಾಲು, ಕೆಳಗೆ ಕಾಲುಗಳ ನಡುವೆ ಆರು ಅಡಿ ಅಂತರ, ಮೇಲೆ ಏಳು ಅಡಿಯ ಅಡ್ಡಪೈಪು. ಕೊಂಡಿಗಳನ್ನು ಅಡ್ಡಪೈಪಿನ ನಡುಭಾಗಕ್ಕೆ ಹಾಕಿದರೆ ಪೈಪು ಬಾಗುತ್ತದೆ, ಎರಡೂ ತುದಿಯಿಂದ ಒಂದೊಂದು ಅಡಿ ಒಳಗಿರಬೇಕು. ಕಾಲುಗಳನ್ನು ನೆಲದ ಮಟ್ಟದಲ್ಲಿ ಇನ್ನೊಂದು ಪೈಪಿನಿಂದ ಕಟ್ಟದಿದ್ದರೆ ತೂಗಿದಂತೆಲ್ಲ ಅಗಲವಾಗುತ್ತ ಹೋಗುತ್ತವೆ. ನಾಲ್ಕು ಕಾಲಿಗೂ 40 ಕೆಜಿಯ ಉಸುಕಿನ ಚೀಲ, ಅಡಿಗೆ ಹಳೆ ಟೈರಿನ ತುಂಡು. ಟೈರು ಇಲ್ಲದಿದ್ದರೆ ಚೌಕಟ್ಟು ನಾಟಕ ಮುಗಿಯುವ ಹೊತ್ತಿಗೆ ಒಂದು ಗೇಣು ಮುಂದೆ ಸರಿದು ಬಂದಿರುತ್ತದೆ. ಜೋಡಣೆಗೆ 12 ಮಿಲಿಮೀಟರ್ ಬೋಲ್ಟು, ಪ್ರತಿ ಆಟಕ್ಕೂ ಮುಂಚೆ ಪಾನಾ ಹಾಕಿ ನೋಡಲೇಬೇಕು. ಕೊಂಡಿಗೆ ಗ್ರೀಸು ಹಾಕಿದ ಮೇಲೆ ಕಿರುಗುಟ್ಟುವ ಸದ್ದು ಪೂರಾ ಹೋಗಿ ಮನೆಯ ತೂಗುಮಂಚ ಅನ್ನಿಸಲಿಲ್ಲ. ಅಣ್ಣಾರೇ ಎಡಗಡೆಯ ಕೊಂಡಿಯ ಗ್ರೀಸು ಒರೆಸಿ, ಆ ಒಂದೇ ಕೊಂಡಿ ಮೆಲ್ಲಗೆ ಕಿರುಗುಟ್ಟುವಂತೆ ಮಾಡಿದರು. ಅವರಿಗೆ ಧ್ವನಿ ವಿನ್ಯಾಸದ ಹೆಸರಿನಲ್ಲೂ ಪಾಲಿದೆ.

ತೂಗುಮಂಚಕ್ಕೆ ಅದರದೇ ಲಯ ಇದೆ. ಆರು ಅಡಿ ಸರಪಳಿಯಿದ್ದರೆ ಒಂದು ಸಲ ಹೋಗಿ ಬರಲು ಸುಮಾರು 2.7 ಸೆಕೆಂಡು. ನಾಲ್ಕು ಅಡಿಗೆ ಇಳಿಸಿದರೆ 2.2. ಕೂತವರ ತೂಕ ಹೆಚ್ಚಾದರೂ ಕಡಿಮೆಯಾದರೂ ಇದು ಬದಲಾಗುವುದಿಲ್ಲ, ಸರಪಳಿಯ ಉದ್ದ ಮಾತ್ರ ಲೆಕ್ಕ. ಹಾಗಾಗಿ ಮೊದಲು ಸರಪಳಿ ನಿಗದಿ ಮಾಡಿ, ಆಮೇಲೆ ಮಾತು ಕೂಡಿಸಬೇಕು. ಮಂಚ ಮುಂದಿನ ತುದಿಗೆ ಬಂದು ಅರೆಗಳಿಗೆ ನಿಲ್ಲುವಾಗ ಆಡಿದ ಮಾತು ಕಿವಿಗೆ ಬೀಳುತ್ತದೆ, ಹಿಂದಕ್ಕೆ ಹೋಗುವಾಗ ಆಡಿದ್ದು ಅರ್ಧ ಮಾಯ. “ಚಾ ಆರತೈತ್ರಿ, ಕುಡೀರಿ” ಅನ್ನುವುದೇ ನಮ್ಮ ನಾಟಕದ ಪ್ರೇಮನಿವೇದನೆ. ಅದು ತುದಿಗೆ ಸರಿಯಾಗಿ ಬಿದ್ದದ್ದು ಇಬ್ಬರೂ ಕಲಾವಿದರ ಕಾಲಿನ ಹದದಿಂದ. ನೆಲಕ್ಕೆ ಒತ್ತುವ ಹೆಬ್ಬೆಟ್ಟು ಯಾವಾಗಲೂ ಅವಳದು, ಅವನದಲ್ಲ. ಇಬ್ಬರೂ ಒತ್ತಿ ಹೊತ್ತು ತಪ್ಪಿದರೆ ಮಂಚ ಓರೆಯಾಗಿ ಗಾಣ ತಿರುಗಿದಂತೆ ತಿರುಗುತ್ತದೆ.

ಲೈಟಿನವರಿಗೂ ಈ ಮಂಚವೇ ಸವಾಲು. ಮಂಚ ನಿಂತಿರುವಾಗ ಬೆಳಕು ಹೊಂದಿಸಿದರೆ ಮುಂದಕ್ಕೆ ತೂಗಿದಾಗ ಮುಖ ಕತ್ತಲಿಗೆ ಹೋಗುತ್ತದೆ. ಹಿಂದಿನಿಂದ ಒಬ್ಬ ಹುಡುಗ ಮಂಚವನ್ನು ಮುಂದಿನ ತುದಿಗೆ ಒತ್ತಿ ಹಿಡಿದು ನಿಂತ, ಅವರು ಆ ಜಾಗಕ್ಕೆ ದೀಪ ತಿರುಗಿಸಿದರು. ನೆತ್ತಿಯ ಮೇಲಿನಿಂದ ನೇರ ಬೀಳುವ ಬೆಳಕು ಇಲ್ಲಿ ಬೇಡವೇ ಬೇಡ. ಕಣ್ಣುಗುಳಿಗಳು ಕಪ್ಪಾಗುತ್ತವೆ, ಐವತ್ತರ ಹೆಂಗಸು ಎಪ್ಪತ್ತರವಳಾಗುತ್ತಾಳೆ, ಸಾಲದ್ದಕ್ಕೆ ಅಡ್ಡಪೈಪಿನ ನೆರಳು ಹಣೆಯ ಮೇಲೆ ಓಡಾಡುತ್ತದೆ. ಎಡಬಲ ಮುಂಭಾಗದಿಂದ 45 ಡಿಗ್ರಿಯಲ್ಲಿ, ಹಳದಿ ಛಾಯೆಯ ಹ್ಯಾಲೊಜನ್. ಬಿಳಿ ಎಲ್‌ಇಡಿ ಕರೆಂಟು ಉಳಿಸುತ್ತದೆ ನಿಜ, ಆದರೆ ನರೆಗೂದಲನ್ನು ನೀಲಿ ಮಾಡುತ್ತದೆ, ಮುಖಕ್ಕೆ ಬೂದಿ ಬಳಿಯುತ್ತದೆ. 15 ಆಂಪಿಯರ್‌ನ ಒಂದು ಲೈನಿಗೆ 1000 ವಾಟಿನ ದೀಪ ಮೂರೇ. ನಾಲ್ಕನೆಯದಕ್ಕೆ ವೈರು ಕಾಯುತ್ತದೆ, ಇಲ್ಲವೆ ಫ್ಯೂಸು ಹೋಗುತ್ತದೆ. ಸಭಾಭವನದ ಎಲೆಕ್ಟ್ರಿಷಿಯನ್ ಕಾಕಾ ಮೂರೂ ಫೇಸಿಗೆ ಸಮನಾಗಿ ಹಂಚಿಕೊಟ್ಟರು, ಬೆಳಕು ಏರಿಳಿಸುವ ಡಿಮ್ಮರ್ ವೈರು ಒಂದು ಕಡೆ, ಮೈಕಿನ ವೈರು ಇನ್ನೊಂದು ಕಡೆ ಎಂದು ಗೆರೆ ಎಳೆದು ಕೊಟ್ಟರು. ಎರಡೂ ಜೊತೆಜೊತೆಗೆ ಹೋದರೆ ಪ್ರತಿ ಪಿಸುಮಾತಿನ ಹಿಂದೆಯೂ ಗುಂಯ್‌ಗುಟ್ಟುತ್ತದೆ. ದಾಟಲೇಬೇಕಾದ ಕಡೆ ಅಡ್ಡಕ್ಕೆ ನೇರ ದಾಟಿಸಬೇಕು.

ಮೈಕಿನ ವಿಷಯದಲ್ಲಿ ಇಳಕಲ್ ಸೀರೆಯ ಜೊತೆ ಜಗಳವೇ ಆಯಿತು. ಕೆಂಪು ರೇಷ್ಮೆಯ ಟೋಪ್ ತೆನಿ ಸೆರಗು, ಗುಳೇದಗುಡ್ಡ ಖಣದ ಕುಬಸ, ನೋಡಲು ಇದಕ್ಕಿಂತ ಚೆಂದ ಏನಿದೆ. ಆದರೆ ಎದೆಯ ಮೇಲೆ ಕಾಲರ್ ಮೈಕು ಸಿಕ್ಕಿಸಿದರೆ ಸೆರಗು ತಿಕ್ಕಿ ಕರಕರ ಅನ್ನುತ್ತದೆ. ಮೈಕನ್ನು ಹಣೆಯ ಮೇಲೆ ಬೈತಲೆಯ ಬುಡದಲ್ಲಿ ಅಡಗಿಸಿ, ವೈರನ್ನು ತುರುಬಿನ ಕೆಳಗಿಂದ ಬೆನ್ನಿಗೆ ಇಳಿಸಿದರು. ಬೆವರು ಇಳಿದರೆ ಮೈಕು ಕಿವುಡಾಗುತ್ತದೆ, ಅದಕ್ಕೆ ತಲೆಯ ಮೇಲೊಂದು ಸಣ್ಣ ತುಂಡು ಮೆಡಿಕಲ್ ಟೇಪು ಅಂಟಿಸಿ ಅದರ ಮೇಲೆ ಮೈಕು. ಎರಡನೇ ಅಂಕದಲ್ಲಿ ಸದ್ದಾಗಬಾರದೆಂದು ಫ್ಯಾನು ನಿಲ್ಲಿಸಿದಾಗ ನಮ್ಮ ಊರಿನ ಸೆಕೆಯಲ್ಲೂ ಪ್ರೇಕ್ಷಕರಲ್ಲಿ ಒಬ್ಬರೂ ಎದ್ದು ಹೋಗಲಿಲ್ಲ. ಇದಕ್ಕೆ ಎಷ್ಟು ಕೃತಜ್ಞತೆ ಹೇಳಿದರೂ ಕಡಿಮೆಯೇ.

ಬಣ್ಣದವರು ಸಫೇದಾ ಎಂಬ ಬಿಳಿ ಪುಡಿಯ ಡಬ್ಬಿ ಮುಚ್ಚಿಯೇ ಇಟ್ಟರು. ತಲೆಗೆ ಪೌಡರು ಹಾಕಿದರೆ ಭುಜದ ಮೇಲೆ ಉದುರುತ್ತದೆ, ಅಪ್ಪಿಕೊಂಡಾಗ ಅವಳ ಕುಬಸಕ್ಕೂ ಹತ್ತುತ್ತದೆ. ನೀರಿನ ಬಿಳಿ ಬಣ್ಣವನ್ನು ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ಕಿವಿಯ ಮುಂದಿನ ಕೂದಲಿಗೆ ಮಾತ್ರ, ಕೂದಲಿನ ಎದುರು ದಿಕ್ಕಿಗೆ ಹಚ್ಚಿದರು. ಸುಕ್ಕಿಗೆ ಕಪ್ಪು ಪೆನ್ಸಿಲ್ ಹಾಕಿದರೆ ಕೊಳೆ ಕಂಡಂತೆ ಕಾಣುತ್ತದೆ, ಕಂದು ಬಣ್ಣವೇ ಸಾಕು. ಯಜಮಾನನ ಬಿಳಿ ಧೋತರ ದೀಪಕ್ಕೆ ಕಣ್ಣು ಕುಕ್ಕುತ್ತದೆ, ತೆಳ್ಳನೆಯ ಚಾ ಡಿಕಾಕ್ಷನ್ನಿನಲ್ಲಿ ಅದ್ದಿ ನೆರಳಿನಲ್ಲಿ ಒಣಗಿಸಿದರೆ ಸರಿಹೋಗುತ್ತದೆ.

ಪೇಟಿ (ಹಾರ್ಮೋನಿಯಂ) ಮಾಸ್ತರರು ಜೋಡಿಹಾಡಿನ ಶ್ರುತಿಯನ್ನು ಐದನೇ ಕರಿ ಮನೆಯಿಂದ ಮೂರನೆಯದಕ್ಕೆ, ಅಂದರೆ ಕರಿ ಐದರಿಂದ ಕರಿ ಮೂರಕ್ಕೆ ಇಳಿಸಿದರು. ಹಾಡಿದ ಅಕ್ಕಾರ ದನಿ ಅಲ್ಲಿ ತುಂಬಿಕೊಂಡಿತು. ಈ ವಯಸ್ಸಿನ ಪಾತ್ರಕ್ಕೆ ಏರುದನಿಯ ಹಾಡು ಕೊಟ್ಟರೆ ಪಾತ್ರ ಕಣ್ಮರೆಯಾಗಿ ಹಾಡುಗಾರ್ತಿ ಮಾತ್ರ ಉಳಿಯುತ್ತಾಳೆ.

ಕೈ ಹಿಡಿಯುವ, ಹೆಗಲಿಗೆ ತಲೆಯಿಡುವ ದೃಶ್ಯಗಳನ್ನು ಇಬ್ಬರೇ ಇದ್ದಾಗ ಎಂದೂ ತಾಲೀಮು ಮಾಡಬಾರದು. ಮೂರನೆಯವರು ಇರಬೇಕು. ಯಾವ ಮಾತಿಗೆ ಯಾವ ಕೈ, ಎಷ್ಟು ಹೊತ್ತು, ಯಾವಾಗ ಬಿಡುವುದು ಎಂದು ಮೊದಲೇ ಬರೆದಿಡಬೇಕು, ಆಟದ ದಿನ ಅದರಾಚೆಗೆ ಒಂದು ಬೆರಳೂ ಹೋಗಕೂಡದು. ಕಲಾವಿದರ ಮನೆಯವರು ತಾಲೀಮಿಗೆ ಬಂದು ಕೂತು ನೋಡಿದರು, ರಾತ್ರಿ ಕರೆದೊಯ್ಯಲು ಗಾಡಿ ತಂದರು. ಸಣ್ಣ ಊರಿನಲ್ಲಿ ಇಂಥ ನಾಟಕ ನಿಲ್ಲುವುದೂ ಬೀಳುವುದೂ ಅವರ ಮೇಲೆಯೇ.

ಅತಿಥಿಗಳಾಗಿ ಬಂದ ಹಿರಿಯರು ಶಾಲು, ಹಾರ, ಭಾಷಣ ಮೂರನ್ನೂ ನಾಟಕದ ನಂತರಕ್ಕೆ ಒಪ್ಪಿದರು. ನಮ್ಮ ಕಡೆ ಇದು ಸಾಮಾನ್ಯ ತ್ಯಾಗವಲ್ಲ. ಮುಂಚೆಯೇ ಸಮಾರಂಭ ಇಟ್ಟುಕೊಂಡರೆ ಮೇಜು-ಕುರ್ಚಿ ಎತ್ತುವ ಗಡಿಬಿಡಿಯಲ್ಲಿ ಮಂಚ ಸರಿಯುತ್ತದೆ, ಹೊಂದಿಸಿದ ಬೆಳಕೆಲ್ಲ ತಪ್ಪುತ್ತದೆ.

ಎರವಲು ತಂದದ್ದೆಲ್ಲ ಹಿಂತಿರುಗಿಸುತ್ತಿದ್ದೇವೆ. ಸೀರೆಗಳನ್ನು ತಣ್ಣೀರಿನಲ್ಲಿ ಬೇರೆಯಾಗಿಯೇ ಒಗೆಯಲಾಗಿದೆ, ಕೆಂಪು ಸೆರಗು ಧೋತರದ ಜೊತೆ ಬಿದ್ದರೆ ಬಣ್ಣ ಬಿಡುತ್ತದೆ. ಹಲಗೆ ಅದರ ಮನೆಗೆ ಹೋಯಿತು. ಪೈಪಿನ ಚೌಕಟ್ಟು ವೆಲ್ಡಿಂಗ್ ಅಂಗಡಿಯ ಹಿಂದೆ ಬಿಚ್ಚಿ ಇಟ್ಟಿದೆ. ಯಾವ ತಂಡಕ್ಕೆ ಬೇಕಾದರೂ ಒಯ್ಯಬಹುದು, ಬಾಡಿಗೆ ಇಲ್ಲ. ಹಲಗೆ ಮತ್ತು ಉಸುಕು ನಿಮ್ಮವು, ಬೋಲ್ಟು ಮಾತ್ರ ಹೊಸವನ್ನೇ ಹಾಕಿ.