ಯೂಕ್ಲಿಡನ ಅನುವಾದ ಅನಗತ್ಯವೇ?

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಪ್ರಾಚೀನ ಗ್ರೀಕ್ ಗಣಿತದ ಬಗ್ಗೆ ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ವಿಷಯ ನಿರೂಪಣೆ ತಿಳಿಯಾಗಿದೆ. ಆದರೆ ಯೂಕ್ಲಿಡನ ‘ಎಲಿಮೆಂಟ್ಸ್’ ಎಂಬ ಹದಿಮೂರು ಪುಸ್ತಕಗಳ ಗ್ರಂಥದ ಸಾರವೆಲ್ಲ ಪ್ರೌಢಶಾಲೆಯ ಪಠ್ಯಪುಸ್ತಕಗಳಲ್ಲಿ ಬಂದಿರುವುದರಿಂದ ಅದನ್ನು ಪ್ರತ್ಯೇಕವಾಗಿ ಕನ್ನಡಕ್ಕೆ ಅನುವಾದಿಸುವ ಅಗತ್ಯವಿಲ್ಲ ಎಂಬ ಲೇಖಕರ ಮಾತನ್ನು, ಮೂವತ್ತು ವರ್ಷ ಅದೇ ಪಠ್ಯಪುಸ್ತಕಗಳನ್ನು ಹಿಡಿದು ರೇಖಾಗಣಿತ ಕಲಿಸಿದ ನಾನು ಒಪ್ಪಲಾರೆ.

ನಮ್ಮ ಮಕ್ಕಳು ಪ್ರಮೇಯ ಬರೆಯುವಾಗ ದತ್ತ, ಸಾಧನೀಯ, ರಚನೆ, ಸಾಧನೆ ಎಂಬ ನಾಲ್ಕು ಪದಗಳನ್ನು ಎಡಬದಿಯಲ್ಲಿ ಬರೆದುಕೊಳ್ಳುತ್ತಾರೆ. ‘ರಚನೆ’ ಬಿಟ್ಟ ಉತ್ತರಕ್ಕೆ ನಾನೇ ಎಷ್ಟೋ ಸಲ ಅಂಕ ಕಳೆದಿದ್ದೇನೆ. ಆ ಕ್ರಮ ಎಲ್ಲಿಂದ ಬಂತೆಂದು ಮಾತ್ರ ನಿವೃತ್ತಿಯವರೆಗೂ ಯೋಚಿಸಿರಲಿಲ್ಲ. ಯೂಕ್ಲಿಡನ ಮೊದಲನೆಯ ಪುಸ್ತಕಕ್ಕೆ 5ನೇ ಶತಮಾನದಲ್ಲಿ ವ್ಯಾಖ್ಯಾನ ಬರೆದ ಪ್ರೊಕ್ಲಸ್, ಪ್ರಮೇಯಕ್ಕೆ ಆರು ಅಂಗಗಳಿವೆ ಎನ್ನುತ್ತಾನೆ: ಮೊದಲು ಸಾಮಾನ್ಯ ಹೇಳಿಕೆ, ಬಳಿಕ ದತ್ತದ ನಿರೂಪಣೆ, ಸಾಧಿಸಬೇಕಾದುದರ ನಿರ್ದೇಶ, ರಚನೆ, ಸಾಧನೆ, ಕೊನೆಗೆ ಉಪಸಂಹಾರ. ನಮ್ಮ ನಾಲ್ಕೂ ಅವುಗಳ ನಡುವೆಯೇ ಇವೆ. ಅಂದರೆ ಯೂಕ್ಲಿಡನ ಚೌಕಟ್ಟು ನಮ್ಮ ನೋಟ್‌ಬುಕ್ಕಿನಲ್ಲಿದೆ, ಅವನ ವಾಕ್ಯಗಳು ಮಾತ್ರ ಇಲ್ಲ.

ವಾಕ್ಯಗಳೇಕೆ ಬೇಕು ಎಂಬುದಕ್ಕೆ ಎರಡನೆಯ ಪುಸ್ತಕದ ನಾಲ್ಕನೆಯ ಪ್ರಮೇಯವನ್ನು ನೋಡಬಹುದು. ಇದನ್ನು ‘ಎ ಮತ್ತು ಬಿ ಮೊತ್ತದ ವರ್ಗ’ ಎಂಬ ಬೀಜಗಣಿತದ ಸೂತ್ರವೆಂದೇ ನಾವು ಪರಿಚಯಿಸುತ್ತೇವೆ. ಯೂಕ್ಲಿಡ್ ಹೇಳುವುದು ಹೀಗೆ: ಸರಳರೇಖೆಯೊಂದನ್ನು ಎಲ್ಲಿಯಾದರೂ ಕತ್ತರಿಸಿದರೆ, ಇಡೀ ರೇಖೆಯ ಮೇಲಿನ ಚೌಕವು, ತುಂಡುಗಳ ಮೇಲಿನ ಚೌಕಗಳು ಮತ್ತು ಆ ತುಂಡುಗಳು ಒಳಗೊಳ್ಳುವ ಆಯತದ ಎರಡರಷ್ಟು, ಇವೆಲ್ಲ ಕೂಡಿದಷ್ಟಕ್ಕೆ ಸಮ. ಇಲ್ಲಿ ಸಂಖ್ಯೆಯಿಲ್ಲ, ಗುಣಾಕಾರವಿಲ್ಲ. ಕಣ್ಣೆದುರು ಚಿತ್ರವಿದೆ, ಅದರಲ್ಲಿ ಒಂದಕ್ಕೊಂದು ಹೊಂದಿಕೊಳ್ಳುವ ಆಕಾರಗಳಿವೆ. ‘ವರ್ಗ’ ಎಂಬ ನಮ್ಮ ಪದ ಆಕೃತಿಗೂ ಸಲ್ಲುತ್ತದೆ, ಸಂಖ್ಯೆಗೂ ಸಲ್ಲುತ್ತದೆ. ಆದ್ದರಿಂದಲೇ ಇಲ್ಲಿ ಅದು ಅಪಾಯಕಾರಿ, ‘ಚೌಕ’ ಎಂದರೆ ಕ್ಷೇಮ. ಇದು ಪದಪ್ರಯೋಗದ ಮಡಿವಂತಿಕೆಯಲ್ಲ. ಥಾಮಸ್ ಹೀತ್ 1897ರಲ್ಲಿ ಆರ್ಕಿಮಿಡೀಸನ ಕೃತಿಗಳನ್ನು ಇಂಗ್ಲಿಷಿಗೆ ತಂದಾಗ ಆಧುನಿಕ ಸಂಕೇತಗಳಲ್ಲಿಯೇ ಬರೆದರು, ಹಾಗೆಂದು ಪುಸ್ತಕದ ಮುಖಪುಟದಲ್ಲೇ ಪ್ರಾಮಾಣಿಕವಾಗಿ ಹೇಳಿದರು. ಓದಲು ಸಲೀಸಾಯಿತು, ಆದರೆ ಗ್ರೀಕರು ಮನಸ್ಸಿನಲ್ಲೇ ಬೀಜಗಣಿತ ಮಾಡಿ ಹೊರಗೆ ಚಿತ್ರ ಬರೆಯುತ್ತಿದ್ದರೆಂಬ ಭಾವನೆ ಇಂಥ ಓದಿನಿಂದಲೇ ಗಟ್ಟಿಯಾಯಿತು. 1975ರಲ್ಲಿ ಗಣಿತದ ಇತಿಹಾಸಕಾರ ಸಬೆತಾಯ್ ಉಂಗುರು ಈ ಭಾವನೆಯನ್ನು ಪ್ರಶ್ನಿಸಿದಾಗ ವಾನ್ ಡರ್ ವಾರ್ಡನ್, ಆಂದ್ರೆ ವೇಲ್ ಅವರಂಥ ದೊಡ್ಡ ಗಣಿತಜ್ಞರೇ ಕಟುವಾಗಿ ಉತ್ತರಿಸಿದರು. ಇಂದು ಆರ್ಕಿಮಿಡೀಸನನ್ನು ಮತ್ತೆ ಇಂಗ್ಲಿಷಿಗೆ ತರುತ್ತಿರುವ ರೆವಿಯಲ್ ನೆಟ್ಸ್ ಅವರು ಸಂಕೇತಗಳನ್ನು ಬದಿಗಿಟ್ಟು ಮೂಲದ ವಾಕ್ಯಕ್ಕೆ ಅಂಟಿಕೊಂಡಿರುವುದು ಆ ವಾದದ ಬಳಿಕ ಬಂದ ಎಚ್ಚರದಿಂದಲೇ ಎಂದು ನನ್ನ ಎಣಿಕೆ.

ನಿವೃತ್ತಿಯ ನಂತರ ಗ್ರೀಕ್ ವ್ಯಾಕರಣವನ್ನು ಅಲ್ಪಸ್ವಲ್ಪ ಕಲಿತು, ಮೂಲ ಮತ್ತು ಇಂಗ್ಲಿಷ್ ಅನುವಾದ ಎರಡನ್ನೂ ಎದುರಿಗಿಟ್ಟುಕೊಂಡು ಮೊದಲನೆಯ ಪುಸ್ತಕವನ್ನು ತಡವರಿಸುತ್ತ ಓದಿದವನು ನಾನು. ಆ ಓದಿನಲ್ಲಿ ಕಂಡ ಒಂದು ಸಂಗತಿ ನನಗೆ ಬಹಳ ಸಂತೋಷ ಕೊಟ್ಟಿತು. ನಮ್ಮ ಪಠ್ಯಗಳು ‘ವೃತ್ತವನ್ನು ಎಳೆಯಿರಿ’ ಎಂದು ವಿದ್ಯಾರ್ಥಿಗೆ ಅಪ್ಪಣೆ ಮಾಡುತ್ತವೆ. ಯೂಕ್ಲಿಡ್ ಯಾರಿಗೂ ಅಪ್ಪಣೆ ಮಾಡುವುದಿಲ್ಲ. ಅವನ ‘ಗೆಗ್ರಾಫ್ಥೋ’ ಎಂಬ ಕ್ರಿಯಾಪದ ‘ಎಳೆದಾಗಿರಲಿ’ ಎಂಬ ಅರ್ಥದ್ದು. ಓದುಗ ನೋಡುವ ಹೊತ್ತಿಗೆ ವೃತ್ತ ಆಗಲೇ ಅಲ್ಲಿದೆ. ಇಂಗ್ಲಿಷಿನವರು ನಾಲ್ಕೈದು ಪದ ಸೇರಿಸಿ ಹೇಳಬೇಕಾದುದನ್ನು ನಮ್ಮ ‘ಇರಲಿ’ ಒಂದೇ ಉಸಿರಿನಲ್ಲಿ ಹೇಳುತ್ತದೆ. ‘ಯಾವುದಕ್ಕೆ ಭಾಗವಿಲ್ಲವೋ ಅದು ಬಿಂದು’ ಎಂಬ ಮೊದಲ ವ್ಯಾಖ್ಯೆಯೂ ಕನ್ನಡದಲ್ಲಿ ಹುಟ್ಟಿದ ಮಾತಿನಂತೆಯೇ ಕೇಳಿಸುತ್ತದೆ.

ಎಲ್ಲವೂ ಇಷ್ಟು ಸುಲಭವಲ್ಲ. ಗ್ರೀಕಿನಲ್ಲಿ, ಚಿತ್ರದ ಬಿಂದುಗಳನ್ನು ಗುರುತಿಸುವ ಅಕ್ಷರಗಳಿಗೆ ಮುಂಚೆ ಬರುವ ಪುಟ್ಟ ಪದಗಳನ್ನೂ ಅವುಗಳ ಲಿಂಗವನ್ನೂ ನೋಡಿಯೇ ಇದು ರೇಖೆ, ಇದು ಬಿಂದು, ಇದು ಕೋನ, ಇದು ಆಯತ ಎಂದು ಓದುಗ ತಿಳಿಯುತ್ತಾನೆ. ರೇಖೆ ಮತ್ತು ಕೋನ ಅಲ್ಲಿ ಸ್ತ್ರೀಲಿಂಗ, ಬಿಂದು ನಪುಂಸಕ. ಕನ್ನಡದಲ್ಲಿ ಇವೆಲ್ಲವೂ ‘ಅದು’ ಆಗುವುದರಿಂದ, ಮೂಲದಲ್ಲಿ ಇಲ್ಲದ ನಾಮಪದವನ್ನು ಅನುವಾದಕ ಪ್ರತಿ ಸಲ ಸೇರಿಸಬೇಕಾಗುತ್ತದೆ. ಹಸ್ತಪ್ರತಿಗಳ ಚಿತ್ರಗಳದು ಇನ್ನೊಂದು ಕಥೆ. ಯಾವುದೇ ಸಮಾಂತರ ಚತುರ್ಭುಜಕ್ಕೆ ಸಲ್ಲುವ ಪ್ರಮೇಯದ ಪಕ್ಕದಲ್ಲಿ ಅವು ಎಷ್ಟೋ ಕಡೆ ಆಯತವನ್ನು ಬರೆದಿವೆ. ಮುದ್ರಿತ ಪುಸ್ತಕಗಳು ಅದನ್ನು ಸದ್ದಿಲ್ಲದೆ ತಿದ್ದಿವೆ.

ಅನುವಾದವೆಂದರೆ ಇರುವುದರ ನಕಲು ಮಾತ್ರ ಎಂಬ ಧಾಟಿಯೂ ಆ ಲೇಖನದಲ್ಲಿತ್ತು. ಆದರೆ ಮೂಲ ಕಳೆದುಹೋದಾಗ ಕೃತಿಯನ್ನು ಉಳಿಸಿದ್ದೂ ಅನುವಾದವೇ. ಗ್ರೀಕ್ ಗಣಿತಜ್ಞ ಅಪೊಲೋನಿಯಸನು ಶಂಕುಜಗಳನ್ನು (ಶಂಕುವನ್ನು ಕತ್ತರಿಸಿದಾಗ ಸಿಗುವ ವಕ್ರರೇಖೆಗಳನ್ನು) ಕುರಿತು ಬರೆದ ಗ್ರಂಥದ ಎಂಟು ಪುಸ್ತಕಗಳಲ್ಲಿ ಗ್ರೀಕಿನಲ್ಲಿ ಉಳಿದಿರುವುದು ಮೊದಲ ನಾಲ್ಕು ಮಾತ್ರ. ಐದರಿಂದ ಏಳರವರೆಗಿನವು ಇಂದು ನಮಗೆ ಸಿಗುತ್ತಿರುವುದು 9ನೇ ಶತಮಾನದಲ್ಲಿ ಬಾಗ್ದಾದಿನಲ್ಲಿ ಸಿದ್ಧವಾದ ಅರಬ್ಬಿ ಅನುವಾದದಿಂದ. ಎಂಟನೆಯದನ್ನು ಯಾರೂ ಉಳಿಸಲಿಲ್ಲ. ಧೂಮಕೇತುವಿನಿಂದ ಹೆಸರಾದ ಎಡ್ಮಂಡ್ ಹ್ಯಾಲಿ ಅಪೊಲೋನಿಯಸನಿಗಾಗಿ ಅರಬ್ಬಿ ಕಲಿತು, 1710ರಲ್ಲಿ ಆ ಗ್ರಂಥವನ್ನು ಹೊರತಂದ. ನಮ್ಮ ದೇಶದಲ್ಲೂ 18ನೇ ಶತಮಾನದಲ್ಲಿ, ಜಯಪುರದ ರಾಜ ಸವಾಯಿ ಜಯಸಿಂಹನ ಆಶ್ರಯದಲ್ಲಿದ್ದ ಜಗನ್ನಾಥ ಸಮ್ರಾಟನು ಪರ್ಷಿಯದ ಗಣಿತಜ್ಞ ನಾಸಿರುದ್ದೀನ್ ತೂಸಿಯ ಅರಬ್ಬಿ ಆವೃತ್ತಿಯಿಂದ ಯೂಕ್ಲಿಡನನ್ನು ಸಂಸ್ಕೃತಕ್ಕೆ ತಂದು ‘ರೇಖಾಗಣಿತ’ ಎಂದು ಹೆಸರಿಟ್ಟ. ನಾವು ತರಗತಿಯಲ್ಲಿ ದಿನವೂ ಹೇಳುವ ಪದ ಆ ಅನುವಾದದ ಶೀರ್ಷಿಕೆ. ಇನ್ನು ಪರಿಭಾಷೆಯ ಕೊರತೆಯ ನೆಪ, 12ನೇ ಶತಮಾನದಲ್ಲಿಯೇ ರಾಜಾದಿತ್ಯನು ಗಣಿತ ಬರೆದ ಕನ್ನಡಕ್ಕೆ ಸಲ್ಲದು.

ಹದಿಮೂರು ಪುಸ್ತಕಗಳೂ ಒಮ್ಮೆಗೇ ಬೇಕೆಂದು ನಾನು ಕೇಳುತ್ತಿಲ್ಲ. ಪೈಥಾಗೊರಸನ ಪ್ರಮೇಯ ಮತ್ತು ಅದರ ವಿಲೋಮದೊಂದಿಗೆ ಮುಗಿಯುವ ಮೊದಲನೆಯ ಪುಸ್ತಕದಲ್ಲಿ 48 ಪ್ರಮೇಯಗಳಿವೆ. ಹೈಬರ್ಗ್ 1883ರಲ್ಲಿ ಸಂಪಾದಿಸಿದ ಗ್ರೀಕ್ ಪಾಠವನ್ನಿಟ್ಟುಕೊಂಡು, ಗ್ರೀಕ್ ಬಲ್ಲವರೊಬ್ಬರು ಮತ್ತು ಕನ್ನಡದಲ್ಲಿ ಗಣಿತ ಕಲಿಸಿದವರೊಬ್ಬರು ಜೊತೆಯಾಗಿ ಕುಳಿತರೆ ಅದು ಆಗದ ಕೆಲಸವಲ್ಲ. ಆಧುನಿಕ ಸಂಕೇತಗಳು ಬೇಕಾದರೆ ಟಿಪ್ಪಣಿಯಲ್ಲಿರಲಿ. ವಿಶ್ವವಿದ್ಯಾಲಯಗಳ ಪ್ರಕಟಣ ವಿಭಾಗಗಳು ಇದನ್ನು ಕೈಗೆತ್ತಿಕೊಳ್ಳಬೇಕೆಂದು ತಮ್ಮ ಮೂಲಕ ವಿನಂತಿಸುತ್ತೇನೆ.

ಜೊತೆಗೆ ನನ್ನದೊಂದು ಸ್ವಂತ ಕೋರಿಕೆ. ಸರಳರೇಖೆಯನ್ನು ಕುರಿತ ನಾಲ್ಕನೆಯ ವ್ಯಾಖ್ಯೆಯಲ್ಲಿ ‘ಎಕ್ಸ್ ಇಸೂ’ ಎಂಬ ಮಾತಿದೆ. ‘ತನ್ನ ಮೇಲಿನ ಬಿಂದುಗಳೊಂದಿಗೆ ಸಮನಾಗಿ ಇರುವ ರೇಖೆ’ ಎಂದು ಬರೆದುಕೊಂಡಿದ್ದೇನೆ. ಓದಿದಾಗಲೆಲ್ಲ ಆ ‘ಸಮನಾಗಿ’ ತೃಪ್ತಿ ಕೊಡುತ್ತಿಲ್ಲ. ಗ್ರೀಕ್ ಬಲ್ಲ ಓದುಗರು ಇದಕ್ಕಿಂತ ಒಳ್ಳೆಯ ಕನ್ನಡವನ್ನು ತಮ್ಮ ಅಂಕಣದ ಮೂಲಕ ಸೂಚಿಸಿದರೆ ಉಪಕಾರವಾಗುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಗಣಿತ ಶಿಕ್ಷಕ, ಸಾಗರ