ಭಾನುವಾರ ಓದುವುದು: ವಿನ್ಸ್ಲೋ ಪತ್ರಗಳು

ಗೆಳೆಯರೇ, ಈ ಭಾನುವಾರ ಎಡ್ವರ್ಡ್ ವಿನ್ಸ್ಲೋ ಪತ್ರಗಳನ್ನು ಓದೋಣ. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಬ್ರಿಟಿಷ್ ರಾಜನ ಪಕ್ಷ ಹಿಡಿದವರೇ ಲಾಯಲಿಸ್ಟರು. ಅಮೆರಿಕದ ಮ್ಯಾಸಚೂಸೆಟ್ಸ್‌ನ ಪ್ಲಿಮತ್ ಊರಿನ ವಿನ್ಸ್ಲೋ ಅವರಲ್ಲೊಬ್ಬ. ಯುದ್ಧ ಸೋತ ಮೇಲೆ, 1783ರಲ್ಲಿ ಇಂಥ ಸಾವಿರಾರು ಜನ ಮನೆಮಠ ಬಿಟ್ಟು ಈಗಿನ ಕೆನಡಾದ ಸೇಂಟ್ ಜಾನ್ ನದಿ ಸಮುದ್ರ ಸೇರುವ ಜಾಗಕ್ಕೆ ಬಂದಿಳಿದರು. ಮರುವರ್ಷ ಅಲ್ಲಿ ನ್ಯೂ ಬ್ರನ್ಸ್‌ವಿಕ್ ಪ್ರಾಂತ್ಯವೇ ಹುಟ್ಟಿತು.

ಈ ಪತ್ರಗಳನ್ನು ಸಂಪಾದಿಸಿ 1901ರಲ್ಲಿ ಅಚ್ಚು ಹಾಕಿಸಿದವರು ಪಾದ್ರಿ ವಿಲಿಯಂ ರೇಮಂಡ್. ಗೆದ್ದವರ ಕಥೆ ಎಲ್ಲರಿಗೂ ಗೊತ್ತು, ಅಲ್ವಾ? ಸೋತವರ ಮಾತು ಕೇಳೋದು ಇಂಥ ಕಾಗದಗಳಲ್ಲೇ. ರೇಮಂಡ್ ಅವರ ಕೆಲಸ ನನಗೆ ದೊಡ್ಡದು ಅನ್ನಿಸೋದು ಅದಕ್ಕೇ.

ಒಂದು ಕೋರಿಕೆ. ಪುಟದ ಫೋಟೋ ಸುಮ್ನೆ ಹಾಕಬೇಡಿ. ಯಾರು, ಯಾರಿಗೆ, ಯಾವ ತಾರೀಖು, ಎಲ್ಲಿಂದ ಬರೆದದ್ದು ಅಂತ ಕೆಳಗೆ ಬರೆಯಿರಿ. ತಾರೀಖು ಇಲ್ಲದಿದ್ದರೆ ಊಹಿಸಿ ಹಾಕಬೇಡಿ, ಖಾಲಿ ಬಿಡಿ.