ಸ್ಟೋರೇಜ್ ಹೀಟರ್‌ಗಳ ಬದಲಾವಣೆ: ನಮ್ಮ ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರೇ,

ಲಂಡನ್ನಿನ ಕೌನ್ಸಿಲ್ (ಸ್ಥಳೀಯ ಆಡಳಿತ) ಒಡೆತನದ ಬಹುಮಹಡಿ ಕಟ್ಟಡಗಳಲ್ಲಿ ವಿದ್ಯುತ್ ಹೀಟರ್‌ಗಳ ದುರಸ್ತಿ ನೋಡಿಕೊಳ್ಳುತ್ತಿರುವ ನಮ್ಮ ಸಹಕಾರ ಸಂಘವು, ಈ ಚಳಿಗಾಲಕ್ಕೆ ಮುನ್ನ ತಮ್ಮ ಮನೆಯ ಹಳೆಯ ಸ್ಟೋರೇಜ್ ಹೀಟರ್‌ಗಳನ್ನು (ರಾತ್ರಿ ಶಾಖ ತುಂಬಿಟ್ಟುಕೊಂಡು ಹಗಲಲ್ಲಿ ಬಿಡುವಂಥವು) ತೆಗೆದು ಹೊಸ ಬಗೆಯವನ್ನು ಕೂರಿಸಲಿದೆ. ಇಂಗ್ಲಿಷ್ ಸೂಚನೆ ತಮಗೆ ಈಗಾಗಲೇ ತಲುಪಿದ್ದರೂ ಕನ್ನಡದಲ್ಲಿ ಮತ್ತೆ ಬರೆಯುತ್ತಿರುವುದಕ್ಕೆ ಕಾರಣವಿದೆ. ಮಗ, ಸೊಸೆ ಡ್ಯೂಟಿಗೆ ಹೋದ ಮೇಲೆ ಹಗಲೆಲ್ಲ ಹೀಟರಿನ ಪಕ್ಕ ಕೂರುವವರು ಊರಿನಿಂದ ಬಂದಿರುವ ಹಿರಿಯರು. ಈ ಪತ್ರ ಮುಖ್ಯವಾಗಿ ಅವರಿಗಾಗಿ.

ಕಟ್ಟಡಕ್ಕೆ ಗ್ಯಾಸ್ ಏಕಿಲ್ಲ ಎಂದು ಹಲವರು ಕೇಳಿದ್ದಾರೆ. 1968ರ ಮೇ 16ರಂದು ಪೂರ್ವ ಲಂಡನ್ನಿನ ನ್ಯೂಹ್ಯಾಮ್‌ನ ರೋನನ್ ಪಾಯಿಂಟ್ ಎಂಬ 22 ಮಹಡಿಯ ಕಟ್ಟಡದಲ್ಲಿ ಗ್ಯಾಸ್ ಸ್ಫೋಟಿಸಿ, ಒಂದು ಮೂಲೆ ಕುಸಿದು 4 ಜನ ಸತ್ತರು. ಆಮೇಲೆ ಕಾಂಕ್ರೀಟ್ ಹಲಗೆಗಳನ್ನು ಜೋಡಿಸಿ ಕಟ್ಟಿದ ಇಂಥ ಅನೇಕ ಕಟ್ಟಡಗಳು ವಿದ್ಯುತ್ತಿಗೆ ಬದಲಾದವು.

ಹಳೆಯ ಹೀಟರಿನ ಹೊಟ್ಟೆಯಲ್ಲಿರುವುದು ಭಾರದ ಇಟ್ಟಿಗೆಗಳು. ರಾತ್ರಿ ವಿದ್ಯುತ್ ದರ ಅಗ್ಗವಿರುವ 7 ಗಂಟೆಗಳಲ್ಲಿ ಅವು ಕಾಯುತ್ತವೆ, ಹಗಲಲ್ಲಿ ನಿಧಾನವಾಗಿ ಶಾಖ ಬಿಡುತ್ತವೆ. ಮೇಲೆ ಎರಡು ತಿರುಗುಗುಂಡಿಗಳು: ಒಂದು ರಾತ್ರಿ ಎಷ್ಟು ತುಂಬಬೇಕೆಂಬುದಕ್ಕೆ, ಇನ್ನೊಂದು ಎಷ್ಟು ಬಿಡಬೇಕೆಂಬುದಕ್ಕೆ. ನಾಳೆಯ ಚಳಿಯನ್ನು ಇಂದೇ ಊಹಿಸಿ ಮೊದಲನೆಯದನ್ನು ತಿರುಗಿಸಬೇಕು. ಎರಡನೆಯದನ್ನು ಮಲಗುವ ಮುನ್ನ ಮುಚ್ಚಲು ಮರೆತರೆ, ಎಲ್ಲರೂ ಹೊದ್ದು ಮಲಗಿರುವಾಗ ಶಾಖವೆಲ್ಲ ಸೋರಿ, ಸಂಜೆ 5ರ ಹೊತ್ತಿಗೆ ಹೀಟರ್ ತಣ್ಣಗಾಗಿರುತ್ತದೆ. ಆಗ ತಾವು ಫ್ಯಾನ್ ಹೀಟರ್ ಹಚ್ಚುತ್ತೀರಿ, ಅದು ಓಡುವುದು ಹಗಲಿನ ದುಬಾರಿ ದರದಲ್ಲಿ. ಬಿಲ್ಲು ಏರಿದ್ದು ಬಹುತೇಕ ಮನೆಗಳಲ್ಲಿ ಹೀಗೆಯೇ ಎಂಬುದು ನಮ್ಮ ಅನುಭವ.

ಬದಲಾವಣೆ ಈಗಲೇ ಏಕೆಂದರೆ, ತಮ್ಮ ಹಳೆಯ ಮೀಟರಿಗೆ ರಾತ್ರಿಯ ದರ ಶುರುವಾಯಿತೆಂದು ತಿಳಿಸುತ್ತಿದ್ದದ್ದು ಒಂದು ರೇಡಿಯೋ ಸಂಕೇತ. ಬಿಬಿಸಿ ರೇಡಿಯೋ 4ರ 198 ಕಿಲೋಹರ್ಟ್ಸ್ ಲಾಂಗ್ ವೇವ್ ಪ್ರಸಾರದೊಳಗೆ, ಕೇಳುಗರ ಕಿವಿಗೆ ಬೀಳದಂತೆ, ಅದು 1980ರ ದಶಕದಿಂದ ಬರುತ್ತಿತ್ತು. 2025ರ ಜೂನ್ 30ರಿಂದ ಅದನ್ನು ಹಂತಹಂತವಾಗಿ ನಿಲ್ಲಿಸಲು ಶುರುಮಾಡಲಾಯಿತು. ಸಂಕೇತ ನಿಂತರೆ ಹೀಟರ್ ರಾತ್ರಿ ಕಾಯದೇ ಹೋಗಬಹುದು, ಇಲ್ಲವೇ ಹೊತ್ತಲ್ಲದ ಹೊತ್ತಿನಲ್ಲಿ ಕಾಯಬಹುದು. ಆದ್ದರಿಂದ ಮೊದಲು ತಮ್ಮ ವಿದ್ಯುತ್ ಕಂಪನಿಯಿಂದ, ಈ ರೇಡಿಯೋ ಸಂಕೇತ ಬೇಕಿಲ್ಲದ ಸ್ಮಾರ್ಟ್ ಮೀಟರ್ ಹಾಕಿಸಿಕೊಳ್ಳಿ. ಅದಾಗದ ಮನೆಗೆ ನಾವು ಹೊಸ ಹೀಟರ್ ತರುವುದಿಲ್ಲ.

ಹೊಸ ಹೀಟರಿನಲ್ಲೂ ಇಟ್ಟಿಗೆಗಳೇ ಇವೆ, ಆದರೆ ಅವುಗಳ ಸುತ್ತಣ ಹೊದಿಕೆ ಬಲವಾದದ್ದು: ತುಂಬಿದ 16 ಗಂಟೆಗಳ ನಂತರವೂ ಕನಿಷ್ಠ ಶೇ 45ರಷ್ಟು ಶಾಖ ಒಳಗೇ ಉಳಿದಿರಬೇಕೆಂಬುದು ಈ ಬಗೆಯ ಹೀಟರಿನ ಮಾನದಂಡ. ತಾವು ಕೋಣೆಗೆ ಬೇಕಾದ ಉಷ್ಣತೆ ಮತ್ತು ವೇಳೆಯನ್ನು ಹೇಳಿದರೆ ಸಾಕು, ರಾತ್ರಿ ಎಷ್ಟು ತುಂಬಿಕೊಳ್ಳಬೇಕೆಂದು ಅದೇ ಲೆಕ್ಕ ಹಾಕುತ್ತದೆ. ನಾವು 20 ಡಿಗ್ರಿಗೆ ಇಟ್ಟು ಹೋಗುತ್ತೇವೆ. ಕಡಿಮೆ ಮಾಡಬಹುದು, ಆದರೆ ಹಿರಿಯರಿರುವ ಮನೆಯಲ್ಲಿ 18ಕ್ಕಿಂತ ಕೆಳಗೆ ಇಳಿಸಬೇಡಿ.

ಈಗ ಮುಖ್ಯ ಮಾತು. ಹೊಸ ಹೀಟರಿನ ಪಕ್ಕದ ಗೋಡೆಯಲ್ಲಿ ಎರಡು ಸ್ವಿಚ್ಚುಗಳಿರುತ್ತವೆ, ಎರಡನ್ನೂ ಆರಿಸಬಾರದು. ಸ್ನಾನ ಮುಗಿದೊಡನೆ ‘ಗೀಸರ್ ಆರಿಸಿದಿರಾ?’ ಎಂದು ಕೂಗಿ ಕೇಳುವ ಮನೆಗಳಿಂದ ಬಂದ ನಮ್ಮವರಿಗೆ ಇದು ಸುಲಭವಲ್ಲವೆಂದು ಬಲ್ಲೆವು. ಕಳೆದ ವರ್ಷ ಮೊದಲ ಕೆಲವು ಮನೆಗಳಲ್ಲಿ ನಾವು ಹೀಟರ್ ಕೂರಿಸಿ, ಕೈಪಿಡಿ ಕೊಟ್ಟು ಬಂದುಬಿಟ್ಟೆವು. ಅವುಗಳಲ್ಲೊಂದು ಮನೆಯ ಅಜ್ಜಿ ಮಲಗುವ ಮುನ್ನ ಗೋಡೆಯ ಸ್ವಿಚ್ಚು ಆರಿಸಿ, ಬೆಳಗ್ಗೆ ಎದ್ದು ಹಾಕುತ್ತಿದ್ದರು. ಅಗ್ಗದ ಹೊತ್ತಿನಲ್ಲಿ ಇಟ್ಟಿಗೆ ಕಾಯಲಿಲ್ಲ. ಕೋಣೆ ತಣ್ಣಗಿರುವುದನ್ನು ಕಂಡ ಹೀಟರ್ ಹಗಲಿನ ದರದಲ್ಲಿ ನೇರವಾಗಿ ಉರಿಯಿತು. ಬಿಲ್ಲು ನೋಡಿ ಅವರು ಗಾಬರಿಯಾದರು. ಅದು ಅವರ ತಪ್ಪಲ್ಲ, ವಿವರಿಸದೆ ಬಂದ ನಮ್ಮದು. ಇನ್ನು ಮುಂದೆ ಕೂರಿಸಿದ ಎರಡನೆಯ ವಾರ ನಮ್ಮ ಸದಸ್ಯರೊಬ್ಬರು ಮತ್ತೊಮ್ಮೆ ಬಂದು, ಮನೆಯಲ್ಲಿ ಹಗಲಿರುವವರೊಂದಿಗೆ ಕೂತು ತೋರಿಸುತ್ತಾರೆ.

ಹೀಟರಿನ ಖರ್ಚು ಮನೆಯೊಡೆಯನಾದ ಕೌನ್ಸಿಲಿನದು. ಕರೆಂಟ್ ಬಿಲ್ಲು ಎಂದಿನಂತೆ ತಮ್ಮದು. ಒಂದು ಯೂನಿಟ್ ವಿದ್ಯುತ್ತಿನಿಂದ ಹಳೆಯದಾಗಲಿ ಹೊಸದಾಗಲಿ ಕೊಡುವುದು ಅಷ್ಟೇ ಶಾಖ. ಉಳಿತಾಯವೇನಿದ್ದರೂ ಪೋಲು ತಪ್ಪುವುದರಿಂದ ಮತ್ತು ರಾತ್ರಿಯ ದರ ಕೈತಪ್ಪದಿರುವುದರಿಂದ. ಬಿಲ್ಲು ಅರ್ಧಕ್ಕಿಳಿಯುತ್ತದೆ ಎಂದು ಯಾರಾದರೂ ಹೇಳಿದ್ದರೆ ಅದು ನಮ್ಮ ಮಾತಲ್ಲ.

ನಾವು ಬರುವ ಹಿಂದಿನ ರಾತ್ರಿ ಮಾತ್ರ ಹಳೆಯ ಹೀಟರನ್ನು ಸ್ವಿಚ್ಚಿನಲ್ಲೇ ಆರಿಸಿಡಿ. ಇಟ್ಟಿಗೆ ಬಿಸಿಯಿದ್ದರೆ ಮುಟ್ಟಲಾಗದು. ಅವನ್ನು ಒಂದೊಂದಾಗಿ ಹೊರಗೆ ಸಾಗಿಸಬೇಕಾದ್ದರಿಂದ ಬಾಗಿಲವರೆಗೆ ದಾರಿ ಬಿಡಿಸಿಡಿ. ತೀರಾ ಹಳೆಯ ಕೆಲವು ಹೀಟರ್‌ಗಳೊಳಗೆ ಕಲ್ನಾರು (ಆಸ್ಬೆಸ್ಟಾಸ್) ಇರುವುದುಂಟು. ಅಂಥದ್ದು ಕಂಡರೆ ಅಂದು ಬಿಚ್ಚದೆ ಹಿಂದಿರುಗಿ, ಪರವಾನಗಿ ಇರುವವರೊಂದಿಗೆ ಮತ್ತೆ ಬರುತ್ತೇವೆ, ಅಲ್ಲಿಯವರೆಗೆ ಬಳಸಲು ಒಂದು ಬಿಡಿ ಹೀಟರ್ ಕೊಟ್ಟು ಹೋಗುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಹೀಟರ್ ನಿರ್ವಹಣಾ ತಂಡ